ಅಣ್ಣನಿಗೆ ಕೊಟ್ಟ ಸಾಲ: ಕೋರ್ಟ್ ಮೆಟ್ಟಿಲು ಹತ್ತದೆ ವಾಪಸ್ ಪಡೆಯುವುದು ಹೇಗೆ?

ಮದ್ದೂರಿನ ಮಗಳು
ಎಲ್ಲರಿಗೂ ನಮಸ್ಕಾರ. ನನ್ನ ತವರು ಮದ್ದೂರು ತಾಲ್ಲೂಕು, ಮದುವೆಯಾಗಿ ಬಂದದ್ದು ಮೈಸೂರಿಗೆ. ಅಣ್ಣ ಕೊಳವೆಬಾವಿ ಕೊರೆಸಿ ಕಬ್ಬಿಗೆ ಹನಿ ನೀರಾವರಿ ಹಾಕಿಸಬೇಕೆಂದು ದುಡ್ಡು ಕೇಳಿದಾಗ ನನ್ನ ಒಡವೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟು 3 ಲಕ್ಷ ರೂಪಾಯಿಯನ್ನು ಅವನ ಖಾತೆಗೆ ಹಾಕಿದೆ. ಆಮೇಲೆ 80 ಸಾವಿರ ನಗದಾಗಿ ಕೊಟ್ಟೆ. ಪತ್ರವಿಲ್ಲ, ಪ್ರಾಮಿಸರಿ ನೋಟಿಲ್ಲ. ಒಡಹುಟ್ಟಿದವನ ಹತ್ತಿರ ಯಾರು ಬರೆಸಿಕೊಳ್ಳುತ್ತಾರೆ? ಇದುವರೆಗೆ 50 ಸಾವಿರ ಮೊಬೈಲ್ ಮೂಲಕ ಹಿಂದಿರುಗಿಸಿದ್ದಾನೆ. ಒಡವೆ ಇನ್ನೂ ಬ್ಯಾಂಕಿನಲ್ಲಿದೆ. ಬಡ್ಡಿ ಕಟ್ಟಿ ನವೀಕರಿಸುತ್ತಿರುವವಳು ನಾನು.

ಕೇಳಿದಾಗಲೆಲ್ಲ ‘ಕಬ್ಬಿನ ಬಿಲ್ಲು ಬರಲಿ’ ಎನ್ನುತ್ತಿದ್ದ. ಈಗ ಮಾತು ತಿರುಗಿದೆ. ‘ಆ 80 ಸಾವಿರ ಅಪ್ಪನ ಆಸ್ಪತ್ರೆ ಖರ್ಚಿಗೆ ಹೋಯಿತು, ಮಗಳಾಗಿ ಅದು ನಿನ್ನ ಪಾಲು’ ಎನ್ನುತ್ತಾನೆ. ಅಪ್ಪ ಹೋದ ವರ್ಷ ತೀರಿಕೊಂಡರು. ಅಮ್ಮ ಇರುವುದು ಅಣ್ಣನ ಮನೆಯಲ್ಲಿ. ಕೇಸು ಹಾಕಿದರೆ ಅಮ್ಮನನ್ನು ನೋಡುವುದಕ್ಕೂ ಆ ಹೊಸಿಲು ತುಳಿಯಲಾಗುವುದಿಲ್ಲ. ಹಾಗೆಂದು ಬಿಟ್ಟುಬಿಡುವ ದುಡ್ಡೂ ಅಲ್ಲ. ಕೂತು ಮಾತಾಡಿ ಬಗೆಹರಿಸಿಕೊಂಡವರು ಯಾರಾದರೂ ಇದ್ದರೆ ದಾರಿ ಹೇಳಿ.

ಕೆರಗೋಡು
ಊರಿನ ಯಜಮಾನರನ್ನು ಸೇರಿಸಿ ಪಂಚಾಯಿತಿ ಮಾಡಿಸಿ. ಹತ್ತು ಜನರ ಮುಂದೆ ಒಪ್ಪಿದ ಮೇಲೆ ಮಾತು ತಪ್ಪುವುದು ಕಷ್ಟ.

ಮಳವಳ್ಳಿ ಬಸ್ ನಿಲ್ದಾಣ
ಪಂಚಾಯಿತಿಯನ್ನು ನಂಬಬೇಡಿ. ನಮ್ಮ ಚಿಕ್ಕಪ್ಪನ ವಿಷಯದಲ್ಲಿ ಮೂರು ಊರಿನವರು ಜಗಲಿಯ ಮೇಲೆ ಕೂತು ‘ಯುಗಾದಿಗೆ ಕೊಡಬೇಕು’ ಎಂದು ತೀರ್ಮಾನ ಮಾಡಿದರು. ಯುಗಾದಿ ಬಂತು, ಹೋಯಿತು. ತೀರ್ಮಾನ ಹೇಳಿದವರಲ್ಲಿ ಒಬ್ಬರೂ ಆಮೇಲೆ ಫೋನ್ ಎತ್ತಲಿಲ್ಲ. ಬರಹವಿಲ್ಲದ ತೀರ್ಮಾನಕ್ಕೆ ಬೆಲೆಯಿಲ್ಲ.

ಸರಸ್ವತಿಪುರಂ ಓದುಗ
ಪೊಲೀಸ್ ಠಾಣೆಗೆ ಒಂದು ಅರ್ಜಿ ಕೊಡಿ. ಕರೆದು ಕೂರಿಸಿದರೆ ಒಂದೇ ವಾರದಲ್ಲಿ ದುಡ್ಡು ಬರುತ್ತದೆ.

ವಕೀಲ, ಮಂಡ್ಯ
ದಯವಿಟ್ಟು ಆ ಕೆಲಸ ಮಾಡಬೇಡಿ. ಸಾಲ ತೀರಿಸಿಲ್ಲ ಎಂಬುದು ಸಿವಿಲ್ ವ್ಯಾಜ್ಯ, ವಸೂಲಿ ಪೊಲೀಸರ ಕೆಲಸವಲ್ಲ. ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ. ವಂಚನೆ ಎನ್ನಬೇಕಾದರೆ ದುಡ್ಡು ಪಡೆಯುವಾಗಲೇ ಮೋಸ ಮಾಡುವ ಉದ್ದೇಶವಿತ್ತೆಂದು ತೋರಿಸಬೇಕು. ಇಲ್ಲಿ ಕೊಳವೆಬಾವಿ ಕೊರೆದದ್ದು ನಿಜ, 50 ಸಾವಿರ ವಾಪಸ್ ಬಂದದ್ದೂ ನಿಜ. ಠಾಣೆಯಲ್ಲಿ ಹೆದರಿಸಿ ಬರೆಸಿಕೊಂಡ ಮುಚ್ಚಳಿಕೆ ನಾಳೆ ನಿಮಗೇ ತಿರುಗಿಬೀಳುತ್ತದೆ.

ಅದಕ್ಕಿಂತ ತುರ್ತಾದ ಪ್ರಶ್ನೆ ಒಂದಿದೆ. ದುಡ್ಡು ಕೊಟ್ಟ ದಿನಾಂಕ ಯಾವುದು? 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಕೈಸಾಲಕ್ಕೆ ದಾವೆ ಹೂಡುವ ಗಡುವು ಸಾಲ ಕೊಟ್ಟ ದಿನದಿಂದ ಮೂರು ವರ್ಷ. ನೀವು ಕೋರ್ಟಿಗೆ ಹೋಗುವುದೂ ಬಿಡುವುದೂ ನಿಮ್ಮ ಇಷ್ಟ. ಆದರೆ ಗಡುವು ಮುಗಿದರೆ ರಾಜಿಗೆ ಕೂತಾಗ ನಿಮ್ಮ ಮಾತಿಗೆ ತೂಕವಿರುವುದಿಲ್ಲ.

ಮದ್ದೂರಿನ ಮಗಳು
ಇನ್ನೆರಡು ತಿಂಗಳಿಗೆ ಮೂರು ವರ್ಷ ತುಂಬುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ. ಓದಿ ಎದೆ ಧಸಕ್ಕೆಂದಿತು.

ನಾಲೆ ಬಯಲು
ಗಾಬರಿಯಾಗಬೇಡಿ ಅಕ್ಕ. ನಡುವೆ 50 ಸಾವಿರ ಕೊಟ್ಟಿದ್ದಾರಲ್ಲ, ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ.

ವಕೀಲ, ಮಂಡ್ಯ
ಅರ್ಧ ಸರಿ. ಕಾಯ್ದೆಯ 19ನೇ ಕಲಂ ಭಾಗಶಃ ಪಾವತಿಗೆ ಹೊಸ ಅವಧಿ ಕೊಡುತ್ತದೆ, ನಿಜ. ಆದರೆ ಆ ಪಾವತಿಯ ಬಗ್ಗೆ ಸಾಲಗಾರನ ಕೈಬರಹವೋ ಸಹಿ ಇರುವ ಬರಹವೋ ಬೇಕು. ಮೊಬೈಲ್‌ನಲ್ಲಿ ಬಂದ 50 ಸಾವಿರವನ್ನು ನೆಚ್ಚಿಕೊಂಡು ಕೂರಬೇಡಿ. 18ನೇ ಕಲಮಿನ ಪ್ರಕಾರ ಗಡುವು ಮುಗಿಯುವ ಮೊದಲೇ ‘ಇಂತಿಷ್ಟು ಬಾಕಿ ಇದೆ’ ಎಂದು ಅಣ್ಣನಿಂದ ದಿನಾಂಕ ಹಾಕಿಸಿ ಸಹಿ ಮಾಡಿಸಿಕೊಳ್ಳಿ. ಸಹಿ ಬಿದ್ದ ದಿನದಿಂದ ಹೊಸದಾಗಿ ಮೂರು ವರ್ಷ. ಗಡುವು ಮುಗಿದ ಮೇಲಾದರೆ ಬರಿಯ ಒಪ್ಪಿಗೆ ಸಾಲದು. ‘ಕೊಡುತ್ತೇನೆ’ ಎಂಬ ಲಿಖಿತ ವಾಗ್ದಾನವೇ ಬೇಕು. ಕರಾರು ಕಾಯ್ದೆಯ 25ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಕೈ ಮೀರಿದ ಮೇಲೆ ಯಾರು ಬರೆದುಕೊಡುತ್ತಾರೆ?

ನಿವೃತ್ತ ಮೇಷ್ಟ್ರು, ಪಾಂಡವಪುರ
ಕಾನೂನೆಲ್ಲ ಇರಲಿ ತಾಯಿ. ಅಣ್ಣನ ಮೇಲೆ ಕಾಗದ ಹಿಡಿದುಕೊಂಡು ಹೋದರೆ ತವರಿನ ಬಾಗಿಲು ಮುಚ್ಚುತ್ತದೆ. ಗೌರಿ ಹಬ್ಬಕ್ಕೆ ಬಾಗಿನ ಕೊಡುವವನು ಅವನೇ ತಾನೆ? ದುಡ್ಡು ಇಂದು ಬರುತ್ತದೆ, ನಾಳೆ ಹೋಗುತ್ತದೆ.

ಕುವೆಂಪುನಗರ
ಮೇಷ್ಟ್ರೇ, ಕ್ಷಮಿಸಿ, ಈ ಮಾತನ್ನು ನಾನು ಒಪ್ಪುವುದಿಲ್ಲ. ತವರಿನ ಮಾನ ಉಳಿಸುವ ಹೊಣೆ ಪ್ರತಿ ಸಲವೂ ಹೆಣ್ಣುಮಗಳ ತಲೆಗೇ ಏಕೆ? ಆಕೆಯ ಒಡವೆ ಬ್ಯಾಂಕಿನಲ್ಲಿ ಕೂತಿದೆ. ಗಂಡನ ಮನೆಯ ಮದುವೆಗೆ ಬರಿ ಕೊರಳಲ್ಲಿ ಹೋದಾಗ ನಾದಿನಿ, ಓರಗಿತ್ತಿಯರ ಮುಂದೆ ಆಕೆ ಏನು ಉತ್ತರ ಹೇಳಬೇಕು? ಬಾಗಿಲು ಮುಚ್ಚುವವನು ಸಾಲ ಕೊಡದವನು, ಕೇಳಿದವಳಲ್ಲ. ನನ್ನ ಅಕ್ಕ ಇದೇ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದಳು. ದುಡ್ಡೂ ಬರಲಿಲ್ಲ, ಮಾತುಕತೆಯೂ ನಿಂತುಹೋಯಿತು. ಕೊಟ್ಟವಳನ್ನು ಕಂಡರೆ ತೆಗೆದುಕೊಂಡವನೇ ಮುಖ ತಪ್ಪಿಸಿ ಓಡಾಡುತ್ತಾನೆ.

ನಿವೃತ್ತ ಮೇಷ್ಟ್ರು, ಪಾಂಡವಪುರ
ಕೇಳಬೇಡಿ ಎಂದು ನಾನು ಹೇಳಲಿಲ್ಲ. ಕೇಳುವ ರೀತಿ ಮುಖ್ಯ ಎಂದೆ. ಮೊದಲು ಸೋದರಮಾವನನ್ನು ಕಳಿಸಿ. ಅಮ್ಮನ ಕಡೆಯವರ ಮಾತಿಗೆ ಇಬ್ಬರೂ ತಲೆಬಾಗುತ್ತಾರೆ. ಅತ್ತಿಗೆಯ ಅಣ್ಣಂದಿರನ್ನೂ ನಿಮ್ಮ ಯಜಮಾನರನ್ನೂ ಮೊದಲ ದಿನವೇ ಕರೆದರೆ ಅದು ಎರಡು ಮನೆಗಳ ಜಗಳವಾಗುತ್ತದೆ.

ಕುವೆಂಪುನಗರ
ಈ ಮಾತು ಒಪ್ಪಿದೆ.

ಲೆಕ್ಕಪತ್ರ
ನಾನು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಮಾತಿಗೆ ಕೂರುವ ಮೊದಲು ಒಂದು ಹಾಳೆಯಲ್ಲಿ ಲೆಕ್ಕ ಬರೆದಿಟ್ಟುಕೊಳ್ಳಿ. ಕೊಟ್ಟದ್ದು, ಬಂದದ್ದು, ಒಡವೆ ಸಾಲಕ್ಕೆ ನೀವು ಕಟ್ಟಿದ ಬಡ್ಡಿ. ಬ್ಯಾಂಕಿನಿಂದ ಖಾತೆಯ ವಿವರ ಪಡೆದು 3 ಲಕ್ಷ ಹೋದ ಸಾಲಿನ ಕೆಳಗೆ ಗೆರೆ ಎಳೆಯಿರಿ. ಒಡವೆ ಸಾಲದ ಪ್ರತಿ ನವೀಕರಣದ ರಸೀದಿಯನ್ನೂ ಜೊತೆಗಿಡಿ.

ಬಡ್ಡಿಯ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಳ್ಳಿ. ನೂರಕ್ಕೆ ಎರಡರಂತೆ, ಮೂರರಂತೆ ಎಂದು ಊರಿನ ಬಡ್ಡಿ ಕೇಳಿದರೆ ಮಾತು ಅಲ್ಲೇ ಮುರಿಯುತ್ತದೆ. ನೀವು ಬ್ಯಾಂಕಿಗೆ ಕಟ್ಟಿದಷ್ಟನ್ನು ಮಾತ್ರ ಕೇಳಿ. ‘ನನಗೆ ಲಾಭ ಬೇಡ, ನಷ್ಟ ತುಂಬಿಕೊಡು’ ಎಂದರೆ ಎದುರು ಕೂತವರಿಗೆ ಅಡ್ಡ ಮಾತಾಡಲು ಜಾಗವಿರುವುದಿಲ್ಲ.

ಇನ್ನು ಆ ನಗದು. 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿರ್ಬಂಧಿಸುತ್ತದೆ, ಹಿಂದಿರುಗಿಸುವಾಗಲೂ ಅದೇ ನಿಯಮ. ಇಬ್ಬರಿಗೂ ಬರಿಯ ಕೃಷಿ ಆದಾಯವಿದ್ದರೆ ಪಡೆಯುವುದಕ್ಕೆ ವಿನಾಯಿತಿ ಇದೆ. ಆದ್ದರಿಂದ ರಾಜಿಯ ಕಂತುಗಳೆಲ್ಲ ಖಾತೆಗೇ ಬರಲಿ. ಅದು ನಿಮಗೆ ದಾಖಲೆಯೂ ಹೌದು.

ಟಿ. ನರಸೀಪುರ
ಆಸ್ಪತ್ರೆ ಖರ್ಚು ಎಂದರೆ ಬಿಲ್ಲು ತೋರಿಸಲಿ. ಬಾಯಿ ಮಾತಿಗೆ 80 ಸಾವಿರ ವಜಾ ಮಾಡಿದರೆ ನಾಳೆ ತಿಥಿ ಖರ್ಚನ್ನೂ ಸೇರಿಸುತ್ತಾರೆ.

ನಾಲೆ ಬಯಲು
ಹಾಗೆ ಒರಟಾಗಿ ಹೇಳಬೇಡಿ. ಅಪ್ಪನನ್ನು ನೋಡಿಕೊಂಡವನು ಅವನು. ರಾತ್ರಿಯೆಲ್ಲ ಆಸ್ಪತ್ರೆಯ ವರಾಂಡದಲ್ಲಿ ಮಲಗಿದವನಿಗೆ ಖರ್ಚಿನ ಲೆಕ್ಕ ಇಡುವಷ್ಟು ವ್ಯವಧಾನ ಎಲ್ಲಿರುತ್ತದೆ? ಮಗಳಿಗೆ ಆಸ್ತಿಯಲ್ಲಿ ಸಮಪಾಲು ಎಂದಮೇಲೆ ಖರ್ಚಿನಲ್ಲೂ ಒಂದು ಪಾಲು ಹೊರುವುದು ನ್ಯಾಯ.

ಟಿ. ನರಸೀಪುರ
ಪಾಲು ಹೊರಲಿ, ಬೇಡ ಎಂದವರು ಯಾರು? ಎಷ್ಟು ಎಂಬುದು ಗೊತ್ತಾಗಬೇಕಲ್ಲ.

ಕೆರಗೋಡು
ಅಣ್ಣನ ಕಡೆಯಿಂದಲೂ ಒಂದು ಮಾತು. ‘ಕಬ್ಬಿನ ಬಿಲ್ಲು ಬರಲಿ’ ಎಂಬುದು ಎಲ್ಲರ ಬಾಯಲ್ಲೂ ನೆಪವಲ್ಲ. ಕಬ್ಬು ಸಾಗಿಸಿ ತಿಂಗಳುಗಟ್ಟಲೆ ಕಾದವರು ನಾವು. 1966ರ ಕಬ್ಬು ನಿಯಂತ್ರಣ ಆದೇಶ ಹೇಳುವುದೇನು? ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡ 15ರಂತೆ ಬಡ್ಡಿ ಸೇರಿಸಬೇಕು. ಆ ಬಡ್ಡಿ ನಮ್ಮ ಖಾತೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ರೈತನ ದುಡ್ಡು ಸರಿಯಾಗಿ ಬಂದಿದ್ದರೆ ಎಷ್ಟೋ ಮನೆಗಳಲ್ಲಿ ಅಣ್ಣ ತಂಗಿಯರ ಜಗಳವೇ ಇರುತ್ತಿರಲಿಲ್ಲ.

ಮಳವಳ್ಳಿ ಬಸ್ ನಿಲ್ದಾಣ
ನೂರಕ್ಕೆ ನೂರು ನಿಜ. ಕಟಾವಿನ ಆಳುಗಳಿಗೆ ಮುಂಗಡ, ಸಾಗಾಣಿಕೆಗೆ ದುಡ್ಡು, ಎಲ್ಲವೂ ರೈತನ ಜೇಬಿನಿಂದಲೇ. ಅದಕ್ಕೇ ಜನ ಕಾರ್ಖಾನೆ ಬಿಟ್ಟು ಆಲೆಮನೆಗೆ ಕಬ್ಬು ಹಾಕುತ್ತಾರೆ. ಬೆಲ್ಲದ ರೇಟು ಬಿದ್ದರೆ ಅಲ್ಲೂ ಗತಿಯಿಲ್ಲ.

ಸರಸ್ವತಿಪುರಂ ಓದುಗ
ವಿಷಯ ಎಲ್ಲಿಂದ ಎಲ್ಲಿಗೋ ಹೋಯಿತು. ಅಕ್ಕನ ಸಾಲಕ್ಕೆ ಬನ್ನಿ.

ಕೆರಗೋಡು
ಇದೇ ವಿಷಯ ಸ್ವಾಮಿ. ಕಂತು ಕಟ್ಟುವವನು ರೈತ. ತಿಂಗಳಿಗೆ ಹತ್ತು ಸಾವಿರ ಎಂದು ಬರೆದರೆ ಮೂರನೇ ತಿಂಗಳಿಗೇ ತಪ್ಪುತ್ತದೆ. ಸಂಬಳದವರ ಕಂತು ಬೇರೆ, ನಮ್ಮ ಕಂತು ಬೇರೆ. ಕಬ್ಬು ಕಡಿದು ಬಿಲ್ಲು ಆಗುವ ಕಾಲ ನೋಡಿ ವರ್ಷಕ್ಕೊಂದು ದೊಡ್ಡ ಕಂತು ಇಡಿ. ಮನೆಯಲ್ಲಿ ಹಸು ಇದ್ದರೆ ಡೈರಿ ಬಟವಾಡೆಯಿಂದ ಒಡವೆಯ ಬಡ್ಡಿಯನ್ನಾದರೂ ಕಟ್ಟುತ್ತಾ ಹೋಗಲಿ. ನನ್ನ ಭಾವನಿಗೂ ನನಗೂ ಇದೇ ರೀತಿ ತೀರಿತು. ಮೊದಲು ತಿಂಗಳ ಕಂತು ಎಂದು ಒಪ್ಪಿ ಇಬ್ಬರೂ ಕಿತ್ತಾಡಿದೆವು. ಅದನ್ನು ಕಟಾವಿನ ಲೆಕ್ಕಕ್ಕೆ ಬದಲಾಯಿಸಿದ ಮೇಲೆ ಒಂದು ಕಂತೂ ತಪ್ಪಲಿಲ್ಲ.

ಹುಣಸೂರು ರಸ್ತೆ
ಲೋಕ ಅದಾಲತ್ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲವೇ? ಅಲ್ಲಿಗೆ ಹೋಗಲು ಕೇಸು ಇರಲೇಬೇಕೆಂದಿಲ್ಲ. ದಾವೆ ಹೂಡುವ ಮೊದಲೇ, ವ್ಯಾಜ್ಯಪೂರ್ವ ಪ್ರಕರಣ ಎಂದು ಅರ್ಜಿ ಕೊಡಬಹುದು. ನಮ್ಮ ಅತ್ತೆ ಮತ್ತು ಅವರ ಮೈದುನನ ನಡುವಿನ ಚೀಟಿ ದುಡ್ಡಿನ ತಕರಾರು ಹಾಗೆಯೇ ಮುಗಿಯಿತು. ಶುಲ್ಕ ಒಂದು ರೂಪಾಯಿಯೂ ಇಲ್ಲ.

ವಕೀಲ, ಮಂಡ್ಯ
ನಾನು ಹೇಳಬೇಕೆಂದಿದ್ದುದೂ ಇದನ್ನೇ. ಮದ್ದೂರು ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಮಂಡ್ಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಬಿಳಿ ಹಾಳೆಯ ಅರ್ಜಿ ಸಾಕು. ಅವರು ಅಣ್ಣನಿಗೆ ತಿಳಿವಳಿಕೆ ಪತ್ರ ಕಳಿಸಿ ಇಬ್ಬರನ್ನೂ ಕರೆಯುತ್ತಾರೆ. ಮಹಿಳೆಯಾದ್ದರಿಂದ ನಿಮ್ಮ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರ ನೆರವೂ ಸಿಗುತ್ತದೆ. ಸಹಾಯವಾಣಿ 15100.

ಊರ ಪಂಚಾಯಿತಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟು. ಅದಾಲತ್‌ನಲ್ಲಿ ಇಬ್ಬರೂ ಒಪ್ಪಿ ಸಹಿ ಮಾಡಿದ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಕಂತು ತಪ್ಪಿದರೆ ಹೊಸ ದಾವೆ ಬೇಡ, ನೇರವಾಗಿ ಅಮಲ್ಜಾರಿ ಅರ್ಜಿ, ಅಂದರೆ ತೀರ್ಪನ್ನು ಜಾರಿ ಮಾಡಿಸಿಕೊಡಿ ಎಂಬ ಅರ್ಜಿ. ಅದಕ್ಕೆ 12 ವರ್ಷ ಕಾಲಾವಕಾಶವಿದೆ.

ಟಿ. ನರಸೀಪುರ
ಅಣ್ಣ ಬರದಿದ್ದರೆ?

ವಕೀಲ, ಮಂಡ್ಯ
ಎಳೆದು ತರುವ ಅಧಿಕಾರ ಅವರಿಗಿಲ್ಲ. ಇಬ್ಬರ ಒಪ್ಪಿಗೆಯಿಲ್ಲದೆ ತೀರ್ಪೂ ಇಲ್ಲ. ಅದಕ್ಕೇ ಮನೆಯಲ್ಲಿ ಮಾತು ಮುಗಿಸಿಕೊಂಡು, ಒಪ್ಪಂದಕ್ಕೆ ಮುದ್ರೆ ಹಾಕಿಸಲು ಅಲ್ಲಿಗೆ ಹೋಗಿ ಎನ್ನುವುದು. ಮನೆಯ ಪಂಚಾಯಿತಿಯೂ ಬೇಕು, ಅದಾಲತ್ ಕೂಡ ಬೇಕು.

ಮದ್ದೂರಿನ ಮಗಳು
ನಿನ್ನೆ ಸೋದರಮಾವನ ಜೊತೆ ಊರಿಗೆ ಹೋಗಿದ್ದೆ. ಅಣ್ಣ ರೇಗಲಿಲ್ಲ, ಲೆಕ್ಕದ ಹಾಳೆಯನ್ನು ತಾನೇ ಕೇಳಿ ಓದಿದ. ಒಡವೆಗೆ ನಾನು ಬಡ್ಡಿ ಕಟ್ಟುತ್ತಿರುವುದು ಅವನಿಗೆ ಗೊತ್ತಿರಲಿಲ್ಲವಂತೆ. ರಸೀದಿಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಾ ಸುಮ್ಮನಾದ. ಅಮ್ಮ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ಚಾಪೆಯ ಮೇಲೆ ಸುರಿದಳು. ಆಸ್ಪತ್ರೆಯ ಬಿಲ್ಲು, ಔಷಧಿ ಅಂಗಡಿಯ ಚೀಟಿ, ಎಲ್ಲ ಇತ್ತು. ಕೂಡಿ ನೋಡಿದರೆ ಅಣ್ಣ ಹೇಳಿದ್ದು ಸುಳ್ಳಲ್ಲ. 80 ಸಾವಿರಕ್ಕೆ ಸ್ವಲ್ಪ ಹೆಚ್ಚೇ ಆಗಿದೆ. ಇಬ್ಬರೂ ಅರ್ಧರ್ಧ ಹೊರೋಣ ಎಂದು ಮಾವ ಹೇಳಿದರು. 40 ಸಾವಿರ ಬಿಡಲು ನಾನು ಒಪ್ಪಿದೆ.

ಆದರೆ ಸಂಜೆ ಅತ್ತಿಗೆಯ ತಮ್ಮ ಒಂದು ಛಾಪಾ ಕಾಗದ ತಂದ. ಪತ್ರ ಬರಹಗಾರರ ಹತ್ತಿರ ಬರೆಸಿದ್ದಂತೆ. ‘ಬಾಕಿ ಹಣವನ್ನು ಕಂತಿನಲ್ಲಿ ಕೊಡಲಾಗುವುದು’ ಎಂಬ ಸಾಲಿನ ಕೆಳಗೆ ‘ಪಿತ್ರಾರ್ಜಿತ ಸ್ವತ್ತಿನಲ್ಲಿ ನನಗೆ ಯಾವ ಹಕ್ಕೂ ಇರುವುದಿಲ್ಲ’ ಎಂದಿದೆ. ಎಲ್ಲರೂ ಹೀಗೇ ಬರೆಯುತ್ತಾರೆ, ಸಹಿ ಹಾಕು ಎಂದರು. ಓದಿ ಹೇಳುತ್ತೇನೆ ಎಂದು ಫೋಟೊ ತೆಗೆದುಕೊಂಡು ಬಂದಿದ್ದೇನೆ.

ಕುವೆಂಪುನಗರ
ಸಹಿ ಹಾಕಬೇಡಿ! ಹಾಕಲೇಬೇಡಿ!

ಹುಣಸೂರು ರಸ್ತೆ
ನಿಮ್ಮ ದುಡ್ಡನ್ನೇ ನಿಮಗೆ ಕೊಟ್ಟು ಜಮೀನು ಬರೆಸಿಕೊಳ್ಳುವ ಲೆಕ್ಕಾಚಾರ ಇದು.

ವಕೀಲ, ಮಂಡ್ಯ
ಫೋಟೊ ತೆಗೆದುಕೊಂಡು ಬಂದದ್ದು ಬಹಳ ಒಳ್ಳೆಯದಾಯಿತು. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ನೋಂದಣಿಯಾಗದೆ ಸಿಂಧುವಾಗುವುದಿಲ್ಲ. ಆದರೂ ಸಹಿ ಇರುವ ಕಾಗದ ನಾಳೆ ನಿಮ್ಮ ಕಾಲಿಗೆ ತೊಡಕಾಗುತ್ತದೆ. ‘ಅವಳೇ ಬೇಡ ಎಂದು ಬರೆದುಕೊಟ್ಟಿದ್ದಾಳೆ’ ಎಂದು ತೋರಿಸಲು ಅಷ್ಟು ಸಾಕು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು. ಕೇಂದ್ರದ ತಿದ್ದುಪಡಿ 2005ರಲ್ಲಿ ಬರುವ ಮೊದಲೇ, 1994ರಲ್ಲಿ, ಮದುವೆಯಾಗದ ಹೆಣ್ಣುಮಕ್ಕಳಿಗೆ ನಮ್ಮ ರಾಜ್ಯ ಇದನ್ನು ಕೊಟ್ಟಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಉಳಿದ ಗೊಂದಲವನ್ನೂ ತೆಗೆದುಹಾಕಿದೆ.

ನಾಲೆ ಬಯಲು
ಹಾಗಾದರೆ ಈಗಲೇ ಪಾಲನ್ನೂ ಕೇಳಿಬಿಡಲಿ. ಎರಡೂ ಒಟ್ಟಿಗೆ ಮುಗಿಯುತ್ತದೆ.

ನಿವೃತ್ತ ಮೇಷ್ಟ್ರು, ಪಾಂಡವಪುರ
ಬೇಡ. ಈಗ ತಾನೆ ಅಣ್ಣ ಲೆಕ್ಕದ ಹಾಳೆ ನೋಡಿ ಮೆತ್ತಗಾಗಿದ್ದಾನೆ. ಜಮೀನಿನ ಮಾತು ತೆಗೆದರೆ ಅಮ್ಮನ ಪಾಲು ಎಷ್ಟು, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಎಂದು ಹತ್ತು ವರ್ಷ ಎಳೆಯುತ್ತದೆ. ಸಾಲ ಸಾಲವಾಗಿಯೇ ಇರಲಿ. ಜಮೀನನ್ನು ಅವರೂ ತರಬಾರದು, ಇವರೂ ತರಬಾರದು.

ಲೆಕ್ಕಪತ್ರ
ಮೇಷ್ಟ್ರು ಹೇಳಿದ್ದು ಸರಿ. ಪತ್ರದಲ್ಲೇ ಒಂದು ಸಾಲು ಸೇರಿಸಿ: ‘ಇದು ಕೈಸಾಲದ ಇತ್ಯರ್ಥ ಮಾತ್ರ, ಕುಟುಂಬದ ಸ್ವತ್ತಿನಲ್ಲಿ ಯಾರ ಹಕ್ಕಿಗೂ ಇದರಿಂದ ಬಾಧಕವಿಲ್ಲ’.

ವಕೀಲ, ಮಂಡ್ಯ
ಸರಿಯಾದ ಮಾತು. ಅಣ್ಣ ಒಪ್ಪಿದರೆ ಪ್ರತಿ ಕಂತಿಗೂ ಮುಂದಿನ ದಿನಾಂಕದ ಚೆಕ್ ಪಡೆಯಿರಿ. ಚೆಕ್‌ನಲ್ಲಿರುವ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು, ಮರೆಯಬೇಡಿ. ಅಮಾನ್ಯವಾದರೆ, ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್. ನೋಟಿಸ್ ತಲುಪಿ 15 ದಿನದಲ್ಲೂ ದುಡ್ಡು ಬರದಿದ್ದರೆ ಆಮೇಲಿನ ಒಂದು ತಿಂಗಳೊಳಗೆ ದೂರು. ಈ ದಿನಗಳಲ್ಲಿ ಒಂದು ತಪ್ಪಿದರೂ ಕೇಸು ನಿಲ್ಲುವುದು ಕಷ್ಟ.

ಕುವೆಂಪುನಗರ
ಅಣ್ಣನಿಂದ ಚೆಕ್ ಪಡೆದು ಜೈಲಿನ ಭಯ ಹುಟ್ಟಿಸುವುದು ನನಗೆ ಸರಿಕಾಣುವುದಿಲ್ಲ. ಅದಾಲತ್ ತೀರ್ಪೇ ಸಾಕಲ್ಲವೇ?

ವಕೀಲ, ಮಂಡ್ಯ
ಸಾಕು. ಚೆಕ್ ಇರಲೇಬೇಕೆಂದಿಲ್ಲ. ಮನೆಯವರ ನಡುವೆ ನಾನೂ ಒತ್ತಾಯ ಮಾಡುವುದಿಲ್ಲ.

ಮದ್ದೂರಿನ ಮಗಳು
ಎಲ್ಲರಿಗೂ ತಿಳಿಸಬೇಕು. ಆ ಕಾಗದಕ್ಕೆ ಸಹಿ ಹಾಕಲಿಲ್ಲ. ಅಣ್ಣನಿಗೇ ನೇರವಾಗಿ ಫೋನ್ ಮಾಡಿ ಆ ಸಾಲನ್ನು ಓದಿ ಹೇಳಿದೆ. ಅದನ್ನು ತಾನು ಬರೆಸಿಲ್ಲ ಎಂದ. ಚೆಕ್ ಬೇಡ ಎಂದು ನಾನೇ ಹೇಳಿದೆ. ಮಾವನ ಮನೆಯಲ್ಲಿ ಕೂತು ಹೊಸದಾಗಿ ಬರೆದೆವು. ಉಳಿದ 3 ಲಕ್ಷ 30 ಸಾವಿರದಲ್ಲಿ ಆಸ್ಪತ್ರೆಯ 40 ಸಾವಿರ ಕಳೆದು, ಒಡವೆಯ ಬಡ್ಡಿಗೆ ನಾನು ಕಟ್ಟಿದ 40 ಸಾವಿರ ಸೇರಿಸಿ ಮತ್ತೆ 3 ಲಕ್ಷ 30 ಸಾವಿರಕ್ಕೇ ನಿಂತಿತು. ಮೂರು ಕಟಾವಿಗೆ ಮೂರು ಕಂತು, ತಲಾ 1 ಲಕ್ಷ 10 ಸಾವಿರ, ಖಾತೆಗೇ ಜಮಾ. ಇನ್ನು ಮುಂದಿನ ಒಡವೆ ಬಡ್ಡಿಯನ್ನು ಡೈರಿ ದುಡ್ಡಿನಲ್ಲಿ ಅತ್ತಿಗೆಯೇ ಕಟ್ಟುತ್ತಾರಂತೆ, ಇದು ಅವರೇ ಹೇಳಿದ ಮಾತು. ಬಾಕಿ ಒಪ್ಪಿ ಅಣ್ಣ ದಿನಾಂಕ ಹಾಕಿ ಸಹಿ ಮಾಡಿದ್ದಾನೆ. ಸ್ವತ್ತಿನ ಹಕ್ಕಿನ ಸಾಲನ್ನೂ ಸೇರಿಸಿದ್ದೇವೆ. ಮುಂದಿನ ಅದಾಲತ್‌ಗೆ ಇಬ್ಬರೂ ಸೇರಿ ಮದ್ದೂರಿನಲ್ಲಿ ಅರ್ಜಿ ಕೊಟ್ಟಿದ್ದೇವೆ.

ಕೆರಗೋಡು
ಬಹಳ ಸಂತೋಷವಾಯಿತು ತಾಯಿ. ಬಿಲ್ಲು ತಡವಾದರೆ ಏನು ಎಂದು ಬರೆದಿದ್ದೀರಾ? ಅದು ಬರೆಯದಿದ್ದರೆ ಮೊದಲ ಕಂತಿಗೇ ಮನಸ್ತಾಪ.

ಮದ್ದೂರಿನ ಮಗಳು
ಅದನ್ನು ಬರೆದಿಲ್ಲ. ಎಷ್ಟು ಕಾಲಾವಕಾಶ ಕೊಡಬೇಕು?

ಕೆರಗೋಡು
ಕಬ್ಬು ಸಾಗಿಸಿದ ದಿನದಿಂದ ಎರಡು ತಿಂಗಳು ಎನ್ನಿ. ಅದಕ್ಕೂ ಮೀರಿದರೆ ಬಿಲ್ಲು ಬಾಕಿ ಇದೆಯೆಂದು ಕಾರ್ಖಾನೆಯ ಚೀಟಿ ತೋರಿಸಲಿ.

ವಕೀಲ, ಮಂಡ್ಯ
ಜೊತೆಗೆ ಒಂದು ಕೊನೆಯ ತಾರೀಖನ್ನೂ ಹಾಕಿ. ತಾರೀಖಿಲ್ಲದ ಕಂತನ್ನು ಅಮಲ್ಜಾರಿ ಮಾಡಿಸುವುದು ಕಷ್ಟ. ಅದಾಲತ್‌ನಲ್ಲಿ ಸಹಿ ಮಾಡುವ ಮೊದಲು ಇದನ್ನು ಸೇರಿಸಲು ಇನ್ನೂ ಸಮಯವಿದೆ.

ಮದ್ದೂರಿನ ಮಗಳು
ಇಂದೇ ಮಾವನಿಗೆ ಫೋನ್ ಮಾಡಿ ಸೇರಿಸುತ್ತೇನೆ. ಪ್ರತಿ ವರ್ಷ ಏಪ್ರಿಲ್ 30 ಎಂದರೆ ಅಣ್ಣನಿಗೂ ಅನುಕೂಲ.